ಸಾಂಬ್ರಾಗೆ 1942ರಲ್ಲೇ ರನ್‌ವೇ, ದಾವಣಗೆರೆಗೆ ಇನ್ನೂ ಬಸ್ ಸ್ಟ್ಯಾಂಡೇ ಗತಿ. ಯಾಕೆ?

ಪಿ.ಜೆ. ಬಡಾವಣೆಯವನು

ದಾವಣಗೆರೆಗೆ ವಿಮಾನ ನಿಲ್ದಾಣ ಬರುತ್ತದೆ ಅಂತ ಕೇಳಿ ಕೇಳಿ ಸಾಕಾಗಿದೆ. 2014ರಲ್ಲಿ ನಮ್ಮ ಸಂಸದರೇ ಕೆಲವು ತಿಂಗಳು ಕೇಂದ್ರದಲ್ಲಿ ನಾಗರಿಕ ವಿಮಾನಯಾನ ರಾಜ್ಯ ಸಚಿವರಾಗಿದ್ದರು. ಆಗಲೂ ಬರಲಿಲ್ಲ. ಈಗಲೂ ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೋ, ಶಿವಮೊಗ್ಗಕ್ಕೋ, ಬೆಂಗಳೂರಿಗೋ ಹೋಗಬೇಕು. ಅಲ್ಲೂ ಸೀಟು ಸಿಗದಿದ್ದರೆ ಬೆಳಗಾವಿ.

ಈ ಬೆಳಗಾವಿಯ ಸಾಂಬ್ರಾ ನಿಲ್ದಾಣ 1942ರದ್ದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ವಾಯುಪಡೆ ಮಾಡಿಸಿದ್ದು. ಬೆಳಗಾವಿ, ದಾವಣಗೆರೆ ಎರಡೂ ಒಂದೇ ಪುಣೆ-ಬೆಂಗಳೂರು ರೈಲು ದಾರಿಯಲ್ಲಿವೆ, ಒಂದೇ ಹೆದ್ದಾರಿಯಲ್ಲಿವೆ. ಅವರಿಗೆ ಯುದ್ಧ ಪುಕ್ಕಟೆ ಕೊಟ್ಟಿದ್ದನ್ನು ನಾವು ಎಂಬತ್ತು ವರ್ಷ ಆದಮೇಲೂ ಅರ್ಜಿ ಹಿಡಿದು ಕೇಳುತ್ತಿದ್ದೇವೆ, ಅಲ್ವಾ?

ಇನ್ನೊಂದು ವಿಷಯ. ನಮ್ಮ ಕಡೆಯೂ ಬ್ರಿಟಿಷರ ರನ್‌ವೇ ಇತ್ತು, ಈಗ ಹೊಲದಡಿ ಮುಚ್ಚಿಹೋಗಿದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಯಾರಿಗಾದರೂ ಗೊತ್ತಾ?

ಮಂಡಕ್ಕಿ ಮಿರ್ಚಿ

ಅದನ್ನು ಹುಡುಕಬೇಡಿ. ಸಿಕ್ಕರೆ ಎರಡೇ ದಿನದಲ್ಲಿ ಸೈಟ್ ಮಾಡಿ ಮಾರುತ್ತಾರೆ.

ಲೆಕ್ಕದ ಮೇಷ್ಟ್ರು

ಮುಚ್ಚಿಹೋದ ರನ್‌ವೇ ಕಥೆಗೆ ಸ್ವಲ್ಪ ಲೆಕ್ಕ ಹಾಕೋಣ. 1942ರ ಹೊತ್ತಿಗೆ ಬ್ರಿಟಿಷ್ ವಾಯುಪಡೆ ದೊಡ್ಡ ಬಾಂಬರ್‌ಗಳ ನೆಲೆಗೆ ಇಟ್ಟುಕೊಂಡಿದ್ದ ಅಳತೆ ಹೀಗಿತ್ತು: ಮುಖ್ಯ ರನ್‌ವೇ 2,000 ಗಜ ಉದ್ದ, 50 ಗಜ ಅಗಲ. ಗುಣಿಸಿದರೆ ಒಂದು ಲಕ್ಷ ಚದರ ಗಜ, ಅಂದರೆ ಇಪ್ಪತ್ತು ಎಕರೆಗೂ ಜಾಸ್ತಿ. ಇಪ್ಪತ್ತು ಎಕರೆ ಕಲ್ಲು, ಕಾಂಕ್ರೀಟು ಎಂಬತ್ತು ವರ್ಷದಲ್ಲಿ ಒಮ್ಮೆಯೂ ನೇಗಿಲಿಗೆ ತಾಗಲಿಲ್ಲವಾ? ಬೋರ್ ಕೊರೆಯುವವನಿಗೂ ಸಿಗಲಿಲ್ಲವಾ?

ಬರೀ ಮಣ್ಣಿನ ಪಟ್ಟಿಯಾಗಿದ್ದರೆ ಬೇರೆ ಮಾತು. ಆದರೂ ಜಮೀನು ಸರ್ಕಾರದ ಕೈಗೆ ಹೋಗಿ ಬಂದಿದ್ದರೆ ಸರ್ವೆ ದಾಖಲೆಯಲ್ಲಿ ಗುರುತು ಉಳಿಯುತ್ತದೆ. ಫಾರ್ವರ್ಡ್ ಮಾಡಿದವರು ಸರ್ವೆ ನಂಬರ್ ಹಾಕಲಿ. ಅಲ್ಲಿಯವರೆಗೆ ನಾನು ನಂಬುವುದಿಲ್ಲ.

ನಿವೃತ್ತ ಏರ್‌ಮನ್, ಹೊನ್ನಾಳಿ

ಸಾಂಬ್ರಾದಲ್ಲಿ ತರಬೇತಿ ಪಡೆದವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1942 ಯಾಕೆ ಅಂತ ಮೊದಲು ನೋಡಬೇಕು. ಆ ವರ್ಷ ಫೆಬ್ರವರಿ 15ಕ್ಕೆ ಸಿಂಗಪುರ ಜಪಾನಿಗೆ ಶರಣಾಯಿತು. ಮಾರ್ಚ್‌ನಲ್ಲಿ ರಂಗೂನ್ ಹೋಯಿತು. ಏಪ್ರಿಲ್ 5ಕ್ಕೆ ಕೊಲಂಬೊ ಮೇಲೆ ಬಾಂಬ್ ಬಿತ್ತು, ಮರುದಿನ ವಿಶಾಖಪಟ್ಟಣ, ಕಾಕಿನಾಡದ ಮೇಲೆ. ಅಲ್ಲಿಯವರೆಗೆ ಬ್ರಿಟಿಷರ ವಿಮಾನ ನೆಲೆಗಳೆಲ್ಲ ಬಹುಪಾಲು ಅಫ್ಘಾನ್ ಗಡಿ ಕಡೆಗೆ ಮುಖ ಮಾಡಿದ್ದವು. ಶತ್ರು ಬಂದಿದ್ದು ಪೂರ್ವದ ಸಮುದ್ರದಿಂದ. ಆಗ ಗಡಿಬಿಡಿಯಲ್ಲಿ ದೇಶದ ತುಂಬ ರನ್‌ವೇ ಹಾಕಿಸಿದರು. ಕೆಲವು ಮುಂಚೂಣಿಗೆ, ಉಳಿದವು ಹಿಂದೆ ಕೂತು ತರಬೇತಿ ಕೊಡಲು, ರಿಪೇರಿ ಮಾಡಲು, ಸಾಮಾನು ಸಾಗಿಸಲು. ಸಾಂಬ್ರಾ ಈ ಎರಡನೇ ಜಾತಿ. ಅಲ್ಲಿ ಯುದ್ಧ ನಡೆಯಲಿಲ್ಲ, ಯುದ್ಧಕ್ಕೆ ಜನ ತಯಾರಾದರು. ಇವತ್ತಿಗೂ ಅದೇ ಕೆಲಸ. ಒಂದು ಕಡೆ ನೀವು ಬ್ಯಾಗ್ ಎಳೆದುಕೊಂಡು ಹೋಗುವ ಟರ್ಮಿನಲ್, ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ. ಈಗ ಅಗ್ನಿವೀರರೂ ಅಲ್ಲೇ ತಯಾರಾಗುತ್ತಾರೆ.

ನಮಗೆ ಇತಿಹಾಸ ಗಿತಿಹಾಸ ಯಾರೂ ಹೇಳಲಿಲ್ಲ ಬಿಡಿ. ನೆನಪಿರುವುದು ಬೆಳಗಾವಿ ಮಳೆ. ಜುಲೈನಲ್ಲಿ ಒಗೆದ ಬನಿಯನ್ ಒಣಗುತ್ತಲೇ ಇರಲಿಲ್ಲ. ಒದ್ದೆ ಬನಿಯನ್ ಮೇಲೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಪರೇಡಿಗೆ ಓಡುತ್ತಿದ್ದೆವು. ಶರ್ಟ್ ಬೆನ್ನ ಮೇಲೆ ಬನಿಯನ್ನಿನ ಆಕಾರದಲ್ಲೇ ನೀರು ಮೂಡುತ್ತಿತ್ತು. ಬೂಟಿನ ಅಂಚಿಗೆ ಹತ್ತಿದ ಕೆಂಪು ಮಣ್ಣನ್ನು ಇನ್‌ಸ್ಟ್ರಕ್ಟರ್ ತಮ್ಮ ಕೋಲಿನ ತುದಿಯಿಂದ ತೋರಿಸುತ್ತಿದ್ದರು, ಮಾತೇ ಆಡುತ್ತಿರಲಿಲ್ಲ. ಅದು ಇನ್ನೂ ಭಯ.

ಪಿ.ಜೆ. ಬಡಾವಣೆಯವನು

ಸರ್, ಚೆನ್ನಾಗಿ ಹೇಳಿದಿರಿ. ಆದರೆ ಬೆಳಗಾವಿಯೇ ಯಾಕೆ ಅನ್ನುವುದು ಉಳಿಯಿತು.

ಕೋಟೆ ಬಾಗಿಲು

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನನ್ನ ಪ್ರಕಾರ ಉತ್ತರ ಹರಿಹರದ ಹೊಳೆಯಲ್ಲಿದೆ. ಆಗ ತುಂಗಭದ್ರೆಯ ಈಚೆ ದಂಡೆ ಮೈಸೂರು ಸಂಸ್ಥಾನ, ಆಚೆ ದಂಡೆಯ ರಾಣೆಬೆನ್ನೂರು ಮುಂಬಯಿ ಪ್ರಾಂತ್ಯ. ಬೆಳಗಾವಿ ನೇರ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ ಮೊದಲೇ ದಂಡು ಪ್ರದೇಶ ಇತ್ತು, ಮರಾಠಾ ಪದಾತಿ ದಳ ಇತ್ತು. ಆಸ್ಪತ್ರೆ, ರೇಷನ್, ಬಂಗಲೆ ಎಲ್ಲ ರೆಡಿ. ಊರಾಚೆ ಸಪಾಟು ನೆಲ ನೋಡಿ ರನ್‌ವೇ ಹಾಕಿದರೆ ಮುಗಿಯಿತು. ದಾವಣಗೆರೆ ಸಂಸ್ಥಾನದ ಊರು. ಇಲ್ಲಿ ಹತ್ತಿ ಇತ್ತು, ಮಿಲ್ ಇತ್ತು, ಸೈನ್ಯ ಇರಲಿಲ್ಲ.

ಹಾಗಂತ ಮೈಸೂರು ಸುಮ್ನೆ ಕೂತಿರಲಿಲ್ಲ. ಮಂಡಕಳ್ಳಿಯಲ್ಲಿ 1940ರಲ್ಲೇ ವಿಮಾನ ನಿಲ್ದಾಣ ಮಾಡಿಸಿದ್ದು ಸಂಸ್ಥಾನ. ಅದೇ ವರ್ಷ ಡಿಸೆಂಬರ್ 23ಕ್ಕೆ ಬೆಂಗಳೂರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಕಾರ್ಖಾನೆ ಶುರು ಮಾಡಿತು. ದಿವಾನರು ಮಿರ್ಜಾ ಇಸ್ಮಾಯಿಲ್. ಮೈಸೂರು ಸರ್ಕಾರ ಜಾಗವನ್ನೂ ಕೊಟ್ಟಿತು, ದುಡ್ಡನ್ನೂ ಹಾಕಿತು. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆ ವಹಿಸಿಕೊಂಡು ರಿಪೇರಿ ಕೇಂದ್ರ ಮಾಡಿಕೊಂಡಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಈಗ ನೊರೆ ಉಕ್ಕಿ ಸುದ್ದಿಯಾಗುತ್ತದಲ್ಲ, ಅದೇ ಕೆರೆ.

ಆ ಕಾರ್ಖಾನೆಯ ರನ್‌ವೇಯಲ್ಲೇ 2008ರ ಮೇ ತಿಂಗಳವರೆಗೆ ಇಡೀ ಬೆಂಗಳೂರು ವಿಮಾನ ಹತ್ತಿತು. ಸಂಸ್ಥಾನದ ಗಂಟೆಲ್ಲ ಬೆಂಗಳೂರು, ಮೈಸೂರಿಗೇ ಹೋಯಿತು ಅನ್ನಿ. ದುರ್ಗ ಜಿಲ್ಲೆಗೆ ಚೂರೂ ಬರಲಿಲ್ಲ. ಆಗ ದಾವಣಗೆರೆಯೂ ನಮ್ಮ ಜಿಲ್ಲೆಯೊಳಗೇ ಇತ್ತು, ನೀವು ಬೇರೆಯಾಗಿದ್ದು 1997ರಲ್ಲಿ.

ಮಂಡಕ್ಕಿ ಮಿರ್ಚಿ

ಬೇರೆಯಾಗುವಾಗ ವಾಣಿವಿಲಾಸ ಸಾಗರ, ಕೋಟೆ, ಗಾಳಿಯಂತ್ರ ಎಲ್ಲ ನೀವಿಟ್ಟುಕೊಂಡಿರಿ. ನಮಗೆ ಬಂದಿದ್ದು ಬೆಣ್ಣೆದೋಸೆ. ತಕರಾರಿಲ್ಲ.

ಹಳೇ ಪೇಟೆ ಅಜ್ಜಿ ಮೊಮ್ಮಗಳು

ಯುದ್ಧ ನಮ್ಮೂರಿಗೆ ಬರಲೇ ಇಲ್ಲ ಅನ್ನಬೇಡಿ. ಅದು ಬೇರೆ ರೂಪದಲ್ಲಿ ಬಂತು. ಪೆಟ್ರೋಲಿಗೆ ರೇಷನ್ ಆಗಿ ಬಸ್ಸುಗಳೆಲ್ಲ ಇದ್ದಿಲ ಮೇಲೆ ಓಡುತ್ತಿದ್ದ ಕಾಲ. ನಮ್ಮಜ್ಜಿ ಹೇಳುತ್ತಿದ್ದರು, ಬಸ್ಸಿನ ಹಿಂಭಾಗದಲ್ಲಿ ಆಳೆತ್ತರದ ಉರುಟು ಡಬ್ಬಿ ಕಟ್ಟಿರುತ್ತಿದ್ದರಂತೆ. ಕ್ಲೀನರ್ ಹುಡುಗ ನಸುಕಿನಲ್ಲೇ ಎದ್ದು ಅದಕ್ಕೆ ಇದ್ದಿಲು ತುಂಬಿ, ಕೆಳಗಿನ ತಿದಿಯ ಹಿಡಿಕೆಯನ್ನು ಗರಗರ ತಿರುಗಿಸಬೇಕು. ಅನಿಲ ಹುಟ್ಟಿದ ಮೇಲೆ ಇಂಜಿನ್ ಕೆಮ್ಮಿಕೊಂಡು ಶುರು. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಟಿಕೆಟ್ ಕಾಸು ಮಾತ್ರ ಪೂರ್ತಿ ಕೊಡಬೇಕು! ಊರಿಗೆ ಬಂದು ಇಳಿದರೆ ಬಿಳಿ ಪಂಚೆಯವರೂ ಕರಿ ಪಂಚೆಯವರಾಗಿರುತ್ತಿದ್ದರಂತೆ.

ಅಂದರೆ ಪೆಟ್ರೋಲು ಸಾಂಬ್ರಾಗೆ, ಮಸಿ ನಮಗೆ. ಅಜ್ಜಿ ಯಾವತ್ತೂ ಯುದ್ಧ ಅನ್ನಲಿಲ್ಲ, "ಇದ್ದಿಲು ಬಸ್ಸಿನ ಕಾಲ" ಅನ್ನುತ್ತಿದ್ದರು.

ನಿವೃತ್ತ ಏರ್‌ಮನ್, ಹೊನ್ನಾಳಿ

ವಾಹ್. ಇದು ಪುಸ್ತಕದಲ್ಲಿ ಸಿಗುವುದಿಲ್ಲ.

ಸಾಂಬ್ರಾದ ಇನ್ನೊಂದು ಅಧ್ಯಾಯ ಹೇಳಿಬಿಡುತ್ತೇನೆ, ಬಹಳ ಜನಕ್ಕೆ ಗೊತ್ತಿಲ್ಲ. ಮಹಾಯುದ್ಧದಲ್ಲಿ ಅದು ತರಬೇತಿ ಜಾಗವಷ್ಟೇ. ನಿಜವಾದ ದಾಳಿಗೆ ವಿಮಾನ ಎದ್ದಿದ್ದು 1961ರಲ್ಲಿ, ಗೋವಾ ವಿಮೋಚನೆಯಲ್ಲಿ. ವಾಯುಪಡೆ ಆ ಕಾರ್ಯಾಚರಣೆಗೆ ಪುಣೆ ಮತ್ತು ಸಾಂಬ್ರಾ ಎರಡನ್ನು ನೆಲೆ ಮಾಡಿಕೊಂಡಿತು. ಉಸ್ತುವಾರಿ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರದು. ಡಿಸೆಂಬರ್ 18ರ ಬೆಳಗ್ಗೆ 12 ಕ್ಯಾನ್‌ಬೆರಾ ಬಾಂಬರ್‌ಗಳು ಡಾಬೋಲಿಂ ರನ್‌ವೇ ಮೇಲೆ 63,000 ಪೌಂಡ್ ಬಾಂಬ್ ಹಾಕಿದವು. ಸಾಂಬ್ರಾದಿಂದ ಹೋದ ಆರು ಹಂಟರ್ ವಿಮಾನಗಳು ಬಾಂಬೋಲಿಂ ವೈರ್‌ಲೆಸ್ ಕೇಂದ್ರವನ್ನು ರಾಕೆಟ್ ಹೊಡೆದು ಮುಗಿಸಿದವು.

ಡಾಬೋಲಿಂನಲ್ಲಿ ಒಂದು ತಮಾಷೆ ಆಯಿತು. ರನ್‌ವೇ ಹಾಳು ಮಾಡಿ, ಟರ್ಮಿನಲ್ ಮುಟ್ಟಬೇಡಿ ಅಂತ ಆದೇಶ ಇತ್ತು. ಹಾಗಾಗಿ ಅಲ್ಲಿ ನಿಂತಿದ್ದ ಎರಡು ಪ್ರಯಾಣಿಕ ವಿಮಾನ ಹಾಗೇ ಉಳಿದವು. ಪೋರ್ಚುಗೀಸರು ರಾತ್ರೋರಾತ್ರಿ ಗುಂಡಿ ಮುಚ್ಚಿ, ಉಳಿದ ಅರ್ಧಂಬರ್ಧ ರನ್‌ವೇಯಲ್ಲೇ ಅವೆರಡನ್ನೂ ಎಬ್ಬಿಸಿ ಕರಾಚಿಗೆ ಹಾರಿಸಿಕೊಂಡು ಹೋದರು. ನಮ್ಮವರು ಬೆಳಗ್ಗೆ ನೋಡಿದರೆ ಜಾಗ ಖಾಲಿ! ಪೈಲಟ್‌ಗಳ ಗುಂಡಿಗೆಯನ್ನು ಮೆಚ್ಚಲೇಬೇಕು, ಶತ್ರುವಾದರೇನು.

ದಾವಣಗೆರೆ ಟು ಪಣಜಿ

ಆ ಡಾಬೋಲಿಂನಲ್ಲೇ ನಾವು ಇಳಿದು ಬೀಚಿಗೆ ಹೋಗುವುದು, ಅಲ್ವಾ? ಈಗಲೂ ಅದು ನೌಕಾಪಡೆಯದು. ಕಿಟಕಿಯಿಂದ ಫೋಟೊ ತೆಗೆಯಬೇಡಿ ಅಂತ ಹೇಳುತ್ತಲೇ ಇರುತ್ತಾರೆ.

ಲೆಕ್ಕದ ಮೇಷ್ಟ್ರು

ಕಥೆಗಳು ಚೆನ್ನಾಗಿವೆ. ಆದರೆ ಮೂಲ ವಾದ ನನಗೆ ಒಪ್ಪಿಗೆಯಿಲ್ಲ. "ಯುದ್ಧದಲ್ಲಿ ರನ್‌ವೇ ಸಿಕ್ಕ ಊರು ಉದ್ಧಾರ, ಸಿಗದ ಊರು ಹಾಳು" ಅನ್ನುವುದು ಸುಳ್ಳು.

ಮಂಗಳೂರಿನ ಬಜ್ಪೆ ಶುರುವಾಗಿದ್ದು 1951ರ ಡಿಸೆಂಬರ್ 25ಕ್ಕೆ. ಯುದ್ಧ ಮುಗಿದು ಆರು ವರ್ಷ ಆಗಿತ್ತು, ಅದೂ ಗುಡ್ಡ ಕಡಿದು ಮಾಡಿದ್ದು. ಹುಬ್ಬಳ್ಳಿ 1974. ಕಲಬುರಗಿ 2019ರ ನವೆಂಬರ್. ಶಿವಮೊಗ್ಗದ ಸೋಗಾನೆ ಉದ್ಘಾಟನೆ 2023ರ ಫೆಬ್ರವರಿ 27ಕ್ಕೆ, ಮೊದಲ ವಿಮಾನ ಆಗಸ್ಟ್ 31ಕ್ಕೆ. ಅಲ್ಲಿ ರನ್‌ವೇ 3,200 ಮೀಟರ್. ಸಾಂಬ್ರಾದ್ದು ವಿಸ್ತರಿಸಿದ ಮೇಲೂ 2,300. ಯಾವ ಜಪಾನಿಗೂ ಹೆದರದೆ ಶಿವಮೊಗ್ಗಕ್ಕೆ ಬಂತಲ್ಲ?

ಇನ್ನು ಮೈಸೂರು ನೋಡಿ. 1940ರಿಂದ ರನ್‌ವೇ ಇದ್ದೂ ದಶಕಗಟ್ಟಲೆ ಖಾಲಿ ಬಿದ್ದಿತ್ತು. 2010ರಲ್ಲಿ ಮತ್ತೆ ತೆರೆದರು, ಆಮೇಲೂ ವಿಮಾನ ಬಂದು ಬಂದು ನಿಂತಿತು. ಬೆಳಗಾವಿಗೂ ಹಾಗೇ ಆಯಿತು. 2017ರಲ್ಲಿ ಹೊಸ ಟರ್ಮಿನಲ್ ಆದ ಮರುವರ್ಷವೇ ಹುಬ್ಬಳ್ಳಿಗೆ ವಿಮಾನಗಳು ಜಾಸ್ತಿ ಆದವು, ಬೆಳಗಾವಿ ಟರ್ಮಿನಲ್ ಬಿಕೋ ಅಂದಿತು. ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಸೇರಿದ ಮೇಲೆ ಚೇತರಿಸಿಕೊಂಡಿತು. ರನ್‌ವೇ ಇದ್ದರೆ ವಿಮಾನ ಬರುವುದಿಲ್ಲ, ಸೀಟು ತುಂಬಿದರೆ ಬರುತ್ತದೆ.

ಪಿ.ಜೆ. ಬಡಾವಣೆಯವನು

ಮೇಷ್ಟ್ರೇ, ಯುದ್ಧ ವಿಮಾನ ಕೊಟ್ಟಿತು ಅಂತ ನಾನು ಹೇಳಿಲ್ಲ. ಜಾಗ ಕೊಟ್ಟಿತು. ಅದೇ ದೊಡ್ಡದು. ಇವತ್ತು 700 ಎಕರೆ ಒಟ್ಟಿಗೆ ಹಿಡಿಯಿರಿ ನೋಡೋಣ. ಒಬ್ಬ ಅಡಿಕೆ ತೋಟ ಅನ್ನುತ್ತಾನೆ, ಇನ್ನೊಬ್ಬ ಭದ್ರಾ ನಾಲೆ ನೀರು ಬರುತ್ತದೆ ಅನ್ನುತ್ತಾನೆ. ಅವರು ಹೇಳುವುದೂ ಸರಿಯೇ. 1942ರಲ್ಲಿ ಕೇಳುವವರೇ ಇರಲಿಲ್ಲ. ಯುದ್ಧ ಅಂದರೆ ಸಾಕು, ಜಮೀನು ಹೋಯಿತು. ಬೆಳಗಾವಿ ಇವತ್ತು ಕೂತಿರುವುದು ಆವತ್ತು ಯಾರೋ ಬಾಯಿ ಮುಚ್ಚಿಕೊಂಡು ಬಿಟ್ಟುಕೊಟ್ಟ ನೆಲದ ಮೇಲೆ. ಖಾಲಿ ಬಿದ್ದ ಮೈಸೂರು ರನ್‌ವೇಯೂ ಖಾಲಿಯಾಗಿಯೇ ಕಾದಿತ್ತು, ಸೈಟ್ ಆಗಲಿಲ್ಲ.

ಅಗರ್ತಲಾ ಕೂಡ ಇದೇ ಕಥೆ. 1942ರಲ್ಲಿ ತ್ರಿಪುರದ ಮಹಾರಾಜ ಬೀರ್ ಬಿಕ್ರಮ್ ಕೊಟ್ಟ ಜಾಗ. ಅಲ್ಲಿಂದ ಬರ್ಮಾ ಯುದ್ಧಕ್ಕೆ ಸಾಮಾನು ಹೋಯಿತು. ಈಗ ಅವರ ಹೆಸರಿನಲ್ಲೇ ವಿಮಾನ ನಿಲ್ದಾಣ ಇದೆ.

ಕಾವಲು ಹುಡುಗ, ಚಳ್ಳಕೆರೆ

ಇಷ್ಟು ಹೊತ್ತು ಓದುತ್ತಿದ್ದೆ. ಯಾರೂ ನಮ್ಮೂರಿನ ಹೆಸರೇ ಎತ್ತಲಿಲ್ಲ. ದುರ್ಗ ಜಿಲ್ಲೆಯಲ್ಲಿ ರನ್‌ವೇ ಇಲ್ಲ ಅಂತ ಯಾರಪ್ಪಾ ಹೇಳಿದ್ದು? ಚಳ್ಳಕೆರೆ ಹತ್ತಿರ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯ ಇದೆ. 4,290 ಎಕರೆ. 2017ರ ಮೇ 28ಕ್ಕೆ ಉದ್ಘಾಟನೆ ಆಯಿತು, ಅದಕ್ಕೂ ಮುಂಚೆ 2016ರ ನವೆಂಬರ್‌ನಲ್ಲೇ ರುಸ್ತುಂ-2 ಡ್ರೋನ್ ಅಲ್ಲಿಂದ ಮೊದಲ ಸಲ ಹಾರಿತ್ತು. ಎರಡು ಕಿಲೋಮೀಟರಿಗೂ ಉದ್ದದ ರನ್‌ವೇ. ನಾವು ಗೋಡೆ ನೋಡಬಹುದು, ಅಷ್ಟೇ.

ಇಸ್ರೋದ ಪುಷ್ಪಕ್, ಅಂದರೆ ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ಬಾಹ್ಯಾಕಾಶ ವಾಹನದ ಮಾದರಿ, ಇಳಿದಿದ್ದೂ ಇಲ್ಲೇ. 2023ರ ಏಪ್ರಿಲ್ 2, 2024ರ ಮಾರ್ಚ್ 22, ಜೂನ್ 23, ಮೂರು ಸಲ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಹೊಟ್ಟೆಯ ಕೆಳಗೆ ನೇತುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟುಬಿಡುತ್ತದೆ. ಒಳಗೆ ಯಾರೂ ಇಲ್ಲ. ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇಗೆ ಇಳಿಯಬೇಕು. ಇಳಿಯುವಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಜಾಸ್ತಿ. ಪ್ರಯಾಣಿಕ ವಿಮಾನ ಇಳಿಯುವುದು 260ರ ಆಸುಪಾಸು. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗ ತಗ್ಗಿದ ಮೇಲೆ ಬ್ರೇಕ್. ಟಿವಿಯಲ್ಲಿ ನೋಡಿದೆವು. ನಮ್ಮ ಮನೆ ಮಾಳಿಗೆಯಿಂದ ಕಂಡಿದ್ದು ಹೆಲಿಕಾಪ್ಟರ್ ಮಾತ್ರ.

ಎಲ್ಲವೂ ನೆಟ್ಟಗೆ ಇಳಿಯುವುದಿಲ್ಲ ಅನ್ನುವುದೂ ಗೊತ್ತಿರಲಿ. 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಒಂದು ಡ್ರೋನ್ ಬಿತ್ತು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಹೊಲದಲ್ಲಿ ತಪಸ್ ಡ್ರೋನ್ ಬಿತ್ತು. ಪುಣ್ಯಕ್ಕೆ ಎರಡು ಸಲವೂ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಪಿ.ಜೆ. ಬಡಾವಣೆಯವನು

ಹಾಗಾದರೆ ಅಲ್ಲೇ ಒಂದು ಟರ್ಮಿನಲ್ ಕಟ್ಟಲಿ! ಬೀದರ್ ನೋಡಿ, ವಾಯುಪಡೆಯ ನೆಲೆ, ಆಕಾಶದಲ್ಲಿ ಕಸರತ್ತು ಮಾಡುವ ಸೂರ್ಯಕಿರಣ್ ತಂಡ ಅಲ್ಲೇ ಇರುವುದು. 2020ರಲ್ಲಿ ಅದರ ಪಕ್ಕದಲ್ಲೇ ಜನರಿಗೂ ಟರ್ಮಿನಲ್ ಆಯಿತು.

ನಿವೃತ್ತ ಏರ್‌ಮನ್, ಹೊನ್ನಾಳಿ

ಬೀದರ್ ಬೇರೆ, ಇದು ಬೇರೆ. ಬೀದರ್‌ನಲ್ಲಿ ಹಾರುವುದು ಪೈಲಟ್ ಇರುವ ತರಬೇತಿ ವಿಮಾನ. ಸಮಯ ಹಂಚಿಕೊಂಡರೆ ನಡೆಯುತ್ತದೆ. ಚಳ್ಳಕೆರೆಯಲ್ಲಿ ಹಾರುವುದು ಇನ್ನೂ ಪರೀಕ್ಷೆಯಲ್ಲಿರುವ, ಪೈಲಟ್ ಇಲ್ಲದ ಯಂತ್ರ. ಬೀಳಬಹುದು ಅಂತ ಗೊತ್ತಿದ್ದೇ ಹಾರಿಸುತ್ತಾರೆ. ಆ ಆಕಾಶದಲ್ಲಿ 70 ಜನ ಕೂತ ವಿಮಾನವನ್ನು ಬಿಡುವವರು ಯಾರು?

ಕಾವಲು ಹುಡುಗ, ಚಳ್ಳಕೆರೆ

ಟರ್ಮಿನಲ್ ಮಾತು ಆಮೇಲೆ. ಮೊದಲು ಆ ನೆಲ ಏನಾಗಿತ್ತು ಕೇಳಿ. ಮೇಲೆ ಒಬ್ಬರು "ಬಾಯಿ ಮುಚ್ಚಿಕೊಂಡು ಬಿಟ್ಟುಕೊಟ್ಟ ನೆಲ" ಅಂದರಲ್ಲ, ಅದು 1942ಕ್ಕೇ ಮುಗಿಯಲಿಲ್ಲ.

ಇವೆಲ್ಲ ಅಮೃತಮಹಲ್ ಕಾವಲುಗಳು. ಅಮೃತಮಹಲ್ ಎತ್ತು ಅಂದರೆ ಬರೀ ಜಾತ್ರೆಯಲ್ಲಿ ಮೆರೆಸುವ ಎತ್ತಲ್ಲ. ಅದು ಸೈನ್ಯದ ಎತ್ತು. ಮೈಸೂರು ಒಡೆಯರ ಕಾಲದಲ್ಲಿ ಶುರುವಾದ ಹಿಂಡು, ಹೈದರ್ ಅಲಿ ಅದನ್ನು ಫಿರಂಗಿ ಎಳೆಯಲು, ಸಾಮಾನು ಸಾಗಿಸಲು ಬೆಳೆಸಿದ. ಅಮೃತಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರು ಮೊದಲು ಕೈ ಹಾಕಿದ ಆಸ್ತಿಗಳಲ್ಲಿ ಈ ಹಿಂಡೂ ಒಂದು, ಯಾಕೆಂದರೆ ಅಷ್ಟು ವೇಗವಾಗಿ ತೋಪು ಎಳೆಯುವ ಎತ್ತು ಅವರಲ್ಲಿರಲಿಲ್ಲ. ಆ ಎತ್ತು ಮೇಯಲಿ ಅಂತ ಬಿಟ್ಟ ಹುಲ್ಲುಗಾವಲೇ ಕಾವಲು.

ಅಂದರೆ ನಮ್ಮ ನೆಲ ಇನ್ನೂರು ವರ್ಷದಿಂದ ಸೈನ್ಯಕ್ಕೇ ದುಡಿಯುತ್ತಿದೆ. ಆಗ ಎತ್ತು, ಈಗ ಡ್ರೋನ್. ಒಂದೇ ವ್ಯತ್ಯಾಸ. ಎತ್ತಿನ ಕಾಲದಲ್ಲಿ ನಮ್ಮ ಕುರಿಗೂ ಜಾಗ ಇತ್ತು. ಹುಲ್ಲಿತ್ತು, ಕುರಿ ಇತ್ತು, ಉಣ್ಣೆ ಇತ್ತು, ಕಂಬಳಿ ಇತ್ತು. ಚಳ್ಳಕೆರೆ ಕಂಬಳಿ ಅಂದರೆ ಹೆಸರು. ಡಿಆರ್‌ಡಿಒ, ಕುದಾಪುರದಲ್ಲಿ ಐಐಎಸ್‌ಸಿಗೆ 1,500 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಅಣು ಸಂಶೋಧನೆಯ ಬಾರ್ಕ್, ಇಸ್ರೋ, ಎಲ್ಲ ಸೇರಿ ಸುಮಾರು ಹತ್ತು ಸಾವಿರ ಎಕರೆಗೆ ಬೇಲಿ ಬಿತ್ತು. ಹಸಿರು ನ್ಯಾಯಮಂಡಳಿವರೆಗೂ ಕೇಸ್ ಹೋಯಿತು. ಕಾಗದದಲ್ಲಿ "ಖಾಲಿ ಜಮೀನು". ಅಪ್ಪ ಇನ್ನೂರು ಕುರಿ ಸಾಕಿದವರು. ಗೋಡೆ ಎದ್ದ ಮೇಲೆ ಮಂದೆ ಹೊಡೆದುಕೊಂಡು ಸುತ್ತಿ ಬರಲು ಆಗಲಿಲ್ಲ, ಮಾರಿದರು. ಈಗ ಮನೆಯಲ್ಲಿ ಮಗ್ಗದ ಗುಂಡಿಯೊಳಗೆ ಈರುಳ್ಳಿ ಚೀಲ ಇಟ್ಟಿದ್ದೇವೆ.

ಪುಷ್ಪಕ್ ಇಳಿದಾಗ ಖುಷಿಯಾಗಲಿಲ್ಲ ಅಂತಲ್ಲ. ಆಯಿತು. ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ.

ಕೋಟೆ ಬಾಗಿಲು

ಎತ್ತಿನಿಂದ ಡ್ರೋನ್‌ವರೆಗೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಸಾಂಬ್ರಾ ಕಥೆಗಿಂತ ಇದು ದೊಡ್ಡದು.

ಲೆಕ್ಕದ ಮೇಷ್ಟ್ರು

ಒಪ್ಪಿದೆ. ಆದರೆ ಹಾಗಾದರೆ ದಾವಣಗೆರೆ ವಿಮಾನ ನಿಲ್ದಾಣಕ್ಕೂ ಇದೇ ಪ್ರಶ್ನೆ ಕೇಳಬೇಕು. ಯಾರ ನೆಲ, ಎಷ್ಟು ಜನ ಹಾರುತ್ತಾರೆ? ಶಿವಮೊಗ್ಗ ತೊಂಬತ್ತು ಕಿಲೋಮೀಟರ್ ಒಳಗೆ ಇರುವಾಗ ನಮಗೆ ಬೇಕಾಗಿರುವುದು ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗುವ ಒಂದು ಬಸ್ಸು. ರನ್‌ವೇ ಅಲ್ಲ.

ಪಿ.ಜೆ. ಬಡಾವಣೆಯವನು

ಒಂದು ಜಿಲ್ಲಾ ಕೇಂದ್ರಕ್ಕೆ, ಎರಡು ಮೆಡಿಕಲ್ ಕಾಲೇಜು ಇರುವ ಊರಿಗೆ, ಬಸ್ಸು ಸಾಕು ಅನ್ನುತ್ತೀರಾ ಮೇಷ್ಟ್ರೇ? ನಾನಂತೂ ಒಪ್ಪುವುದಿಲ್ಲ. ಆದರೆ ಕಾವಲಿನ ಹುಡುಗ ಬರೆದಿದ್ದು ಓದಿದ ಮೇಲೆ "ಎಲ್ಲಾದರೂ ಖಾಲಿ ಜಾಗ ನೋಡಿ ಮಾಡಲಿ" ಅಂತ ಮೊದಲಿನಷ್ಟು ಸಲೀಸಾಗಿ ಹೇಳಲು ಬಾಯಿ ಬರುತ್ತಿಲ್ಲ.

ಪಿಯುಸಿ ಸೈನ್ಸ್

ಅಂಕಲ್, ಒಂದು ಡೌಟ್. ಸಾಂಬ್ರಾ ರನ್‌ವೇ ಮೇಲೆ 08, 26 ಅಂತ ಬರೆದಿರುತ್ತದಂತೆ. ಹುಬ್ಬಳ್ಳಿಯಲ್ಲೂ ಅದೇ ನಂಬರ್. ಯಾಕೆ?

ನಿವೃತ್ತ ಏರ್‌ಮನ್, ಹೊನ್ನಾಳಿ

ಅದು ದಿಕ್ಕು. ದಿಕ್ಸೂಚಿಯಲ್ಲಿ 80 ಡಿಗ್ರಿ ಕಡೆಗೆ ಮುಖ ಮಾಡಿದರೆ 08, ಅದೇ ಪಟ್ಟಿಯ ಇನ್ನೊಂದು ತುದಿಯಿಂದ ನೋಡಿದರೆ 260 ಡಿಗ್ರಿ, ಹಾಗಾಗಿ 26. ಕೊನೆಯ ಸೊನ್ನೆ ಬಿಟ್ಟು ಬರೆಯುತ್ತಾರೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ನಮ್ಮ ಕಡೆ ಮುಂಗಾರು ಗಾಳಿ ಪಶ್ಚಿಮದಿಂದ ಬೀಸುತ್ತದೆ, ಅದಕ್ಕೇ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಮಲಗಿವೆ. ಜೋಗಿಮಟ್ಟಿ ಗಾಳಿಯಂತ್ರಗಳು ಜೂನ್‌ನಲ್ಲಿ ಯಾವ ಕಡೆ ಮುಖ ಮಾಡಿರುತ್ತವೆ ನೋಡು, ಗೊತ್ತಾಗುತ್ತದೆ.

ವಾಯುಪಡೆ ಸೇರುವ ಆಸೆ ಇದ್ದರೆ ಅರ್ಜಿ ಯಾವಾಗ ಕರೆಯುತ್ತಾರೆ ನೋಡಿಕೊಂಡಿರು. ಆಯ್ಕೆಯಾಗಿ ಸಾಂಬ್ರಾಗೆ ಹೋದರೆ ಬನಿಯನ್ ಮಾತ್ರ ಜಾಸ್ತಿ ತೆಗೆದುಕೊಂಡು ಹೋಗು.